ಹೆಸರು ತೆಗೆದು ಹಾಡಿ ಎಂದರು

ಯಾರಾದರೂ ನನ್ನ ಕನ್ನಡವನ್ನು ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಗೃಹಪ್ರವೇಶದಲ್ಲೋ ಮಗುವಿನ ಹುಟ್ಟುಹಬ್ಬದಲ್ಲೋ ಹೊಸಬರು ಸಿಕ್ಕಾಗ ಹೆಸರು ಕೇಳುತ್ತಾರೆ. ಹೇಳುತ್ತೇನೆ. ನನ್ನದು ಕ್ರೈಸ್ತ ಸಂತಳೊಬ್ಬಳ ಹೆಸರು. ಕೇಳಿದವರ ಹುಬ್ಬು ಸ್ವಲ್ಪ ಮೇಲೇರುತ್ತದೆ.

"ಓ, ಗೋವಾನಾ? ಕೇರಳಾನಾ?"

"ಅಲ್ಲ, ಮಂಡ್ಯದ ಕಡೆ."

"ಆದ್ರೂ ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!"

ಆ 'ಆದ್ರೂ' ಇದೆಯಲ್ಲ, ಅಮೆರಿಕಕ್ಕೆ ಬಂದಾಗಿನಿಂದ ಅದನ್ನು ನುಂಗುತ್ತಲೇ ಬಂದಿದ್ದೇನೆ. ಅವ್ವ ನನ್ನನ್ನು ಬೈದದ್ದು ಕನ್ನಡದಲ್ಲಿ. ಪಾದ್ರಿಗಳ ಮುಂದೆ ಮಂಡಿಯೂರಿ ನಾನು ಪಾಪ ಒಪ್ಪಿಕೊಂಡದ್ದು ಕನ್ನಡದಲ್ಲಿ. ಮತ್ತೆ ಯಾವ ಭಾಷೆಯಲ್ಲಿ ಮಾತಾಡಬೇಕಿತ್ತು ನಾನು? ಆದರೂ ನಕ್ಕು ಸುಮ್ಮನಾಗುತ್ತಿದ್ದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳಿಗೆ ನಗುವುದು ಅಭ್ಯಾಸವಾಗಿಬಿಡುತ್ತದೆ. ಹೋದ ವರ್ಷದ ಡಿಸೆಂಬರ್‌ವರೆಗೆ ಹಾಗೇ ನಡೆದಿತ್ತು.

ಡಿಸೆಂಬರ್ ನಮ್ಮ ಮನೆಯಲ್ಲಿ ನನ್ನ ತಿಂಗಳು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬೀಗರ ಮನೆಗಳಿಗೆ ಸೇರಿದ್ದು, ಬೇಸಿಗೆ ರಜೆ ಅವರವರಿಗೆ ಸೇರಿದ್ದು. ಡಿಸೆಂಬರಿನ ಶನಿವಾರಗಳು ಮಾತ್ರ ಫ್ಲೋರಲ್ ಪಾರ್ಕ್ ಎಂಬ ಊರಿನ ನನ್ನ ಈ ಹಳೆಯ ಮನೆಗೆ ಸೇರಿದವು. ಮಗ ಫೋರ್ಟ್ ಲೀಯಿಂದ, ಮಗಳು ರಾಬಿನ್ಸ್‌ವಿಲ್ಲಿನಿಂದ ಸೇತುವೆಗಳ ಟ್ರಾಫಿಕ್ಕನ್ನು ಬೈದುಕೊಳ್ಳುತ್ತ ಮಕ್ಕಳನ್ನು ಕರೆತರುತ್ತಾರೆ. ಮೊದಲ ಶನಿವಾರ ರಾಗಿ ಬಿತ್ತುವ ಕೆಲಸ. ಹಿಲ್‌ಸೈಡ್ ಅವೆನ್ಯೂ ಅಂಗಡಿಯಿಂದ ರಾಗಿ ತಂದು, ನೆನೆಸಿ, ಹಳೆಯ ಕೇಕ್ ತಟ್ಟೆಗಳಲ್ಲಿ ಮಣ್ಣು ಹರಡಿ ಚೆಲ್ಲುತ್ತೇವೆ. ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲಿನ ಕಿಟಕಿ ಕಟ್ಟೆಯಲ್ಲಿ ಇಟ್ಟರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲಿನ ಹಾಗೆ ಎದ್ದು ನಿಂತಿರುತ್ತದೆ. ಅದೇ ನಮ್ಮ ಗೋದಲಿಯ ಹೊಲ. ಗೋದಲಿ ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆ. ಅದನ್ನು ರಟ್ಟು, ಹುಲ್ಲು, ಮಣ್ಣಿನ ಬೊಂಬೆಗಳಲ್ಲಿ ಕಟ್ಟುತ್ತೇವೆ. ಕುರಿಗಳನ್ನು ಎಲ್ಲಿ ಇಡಬೇಕು ಎಂದು ಮೊಮ್ಮಕ್ಕಳು ಪ್ರತಿ ವರ್ಷವೂ ಜಗಳವಾಡುತ್ತಾರೆ. ಮುಂದಿನ ಶನಿವಾರಗಳಲ್ಲಿ ಚಕ್ಕುಲಿ, ಕರ್ಜಿಕಾಯಿ, ಕೊನೆಗೆ ಕಜ್ಜಾಯ. ಕಜ್ಜಾಯ ಕರಿಯುವ ದಿನ ಸ್ಮೋಕ್ ಅಲಾರಂ ಕೂಗಿಯೇ ಕೂಗುತ್ತದೆ. ಅದರ ಕೆಳಗೆ ಟವೆಲ್ ಬೀಸುವುದು ಕಿರಿಯ ಮೊಮ್ಮಗನ ಪಾಲಿನ ಕೆಲಸ.

ಹೋದ ವರ್ಷ ಇದರ ಜೊತೆಗೆ ಇನ್ನೊಂದು ಕೆಲಸ ಸೇರಿತು. ನಮ್ಮ ಕಡೆಯ ಕನ್ನಡದವರದೊಂದು ಸಣ್ಣ ಗುಂಪು ವರ್ಷದ ಕೊನೆಗೆ ಶಾಲೆಯ ಹಾಲ್ ಹಿಡಿದು ಊಟ, ಹಾಡು, ಕುಣಿತ ಅಂತ ಸೇರುತ್ತದೆ. ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ, ದಿನಾ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಓಡಾಡುವವಳು, ಒಳ್ಳೆಯವಳು. "ಆಂಟಿ, ಈ ಸಲ ಮಕ್ಕಳೇ ತಮ್ಮ ತಮ್ಮ ಮನೆ ಹಾಡು ಹಾಡ್ಬೇಕು ಅಂತ ಇದೆ. ನಿಮ್ಮ ಮೊಮ್ಮಗಳು ಹಾಡ್ತಾಳಾ?"

ಮೊಮ್ಮಗಳಿಗೆ ಆಗ ಹನ್ನೆರಡು ವರ್ಷ, ಮಗನ ಮಗಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಕೇಳಿ ನೋಡೋಣ ಎಂದು ಕೇಳಿದೆ. ಭುಜ ಕುಣಿಸಿ, "ಓಕೆ, ಅಜ್ಜಿ" ಎಂದಳು. ನಾನು ಹಿಗ್ಗಿಹೋದೆ.

ನಮ್ಮ ಮನೆಯ ಹಾಡೊಂದಿತ್ತು. ನಮ್ಮಪ್ಪ ಶಾಲೆಯ ಮೇಷ್ಟರು. ಊರ ಚರ್ಚಿನಲ್ಲಿ ಮಕ್ಕಳಿಗೆ ಜಪ ಹೇಳಿಕೊಡುತ್ತಿದ್ದವರೂ ಅವರೇ. ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದ ಧಾಟಿಗೆ ಅವರು ಕ್ರಿಸ್ಮಸ್ ಪದ ಕಟ್ಟಿದ್ದರು:

ಕೊಟ್ಟಿಗೆ ಕದ ತೆಗಿಯೆ ತಂಗ್ಯವ್ವ, ಚಳಿಯಾಗೆ
ಹುಟ್ಟವ್ನೆ ಯೇಸು ಹುಲ್ಲ ಮ್ಯಾಲೆ, ನಮ್ಮೂರ
ಹಟ್ಟಿಯ ದನವೆ ಕಾವಲು.

ಮೊಮ್ಮಗಳು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. "ಹಟ್ಟಿ" ಅಂದರೇನು, "ಕದ" ಅಂದರೇನು, ಎಲ್ಲವನ್ನೂ ಕೇಳಿದಳು. 'ಟ್ಟ' ಅನ್ನುವುದು ಅವಳ ನಾಲಿಗೆಗೆ ಸುಲಭವಾಗಿ ಸಿಗಲಿಲ್ಲ. ಕಾರಿನಲ್ಲಿ ಕೂತು "ಕೊಟ್ಟಿಗೆ, ಹುಟ್ಟವ್ನೆ, ಹಟ್ಟಿ" ಎಂದು ತಾನೇ ಹೇಳಿಕೊಳ್ಳುತ್ತಾಳೆ ಎಂದು ಸೊಸೆ ಫೋನಿನಲ್ಲಿ ನಗುತ್ತಾ ಹೇಳಿದಳು. ಒಂದು ಶನಿವಾರ ಕರ್ಜಿಕಾಯಿಗೆ ಹೂರಣ ತುಂಬುತ್ತ ತನ್ನಷ್ಟಕ್ಕೇ ಪೂರ್ತಿ ಹಾಡಿದಳು. ನಾನು ಲಟ್ಟಣಿಗೆ ಹಿಡಿದು ಸುಮ್ಮನೆ ನಿಂತುಬಿಟ್ಟೆ. ನಮ್ಮಪ್ಪನ ಪದ ಆ ಮಗುವಿನ ಬಾಯಲ್ಲಿ.

ಕಾರ್ಯಕ್ರಮಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ ಆ ಹುಡುಗಿಯ ಫೋನ್ ಮತ್ತೆ ಬಂತು.

"ಆಂಟಿ, ಒಂದು ಸಣ್ಣ ವಿಷಯ. ನೀವು ಕಳಿಸಿದ ಹಾಡು ಸ್ವಲ್ಪ ರಿಲಿಜಿಯಸ್ ಆಯ್ತು ಅಂತ ಕೆಲವ್ರಿಗೆ ಅನ್ನಿಸಿದೆ. ನಮ್ದು ಕಲ್ಚರಲ್ ಪ್ರೋಗ್ರಾಂ ಅಲ್ವಾ? ಅವಳು ಬೇರೆ ಏನಾದ್ರೂ ಹಾಡಬಹುದಾ? ಯಾವ್ದಾದ್ರೂ ಭಾವಗೀತೆ?"

"ಪ್ರೋಗ್ರಾಂ ಶುರುವಾಗೋದು ಯಾವುದರಿಂದಮ್ಮ?"

"ಗಣೇಶ ಸ್ತುತಿಯಿಂದ, ಆಂಟಿ."

"ಅದು ರಿಲಿಜಿಯಸ್ ಅಲ್ವಾ?"

"ಅದು... ಪ್ರಾರ್ಥನೆ ಅಲ್ವಾ, ಆಂಟಿ."

"ಸಾಂಟಾ ಬರ್ತಾನಾ?"

"ಬರ್ತಾನೆ. ಮಕ್ಕಳಿಗೆ ಗಿಫ್ಟ್ ಕೊಡೋಕೆ. ಚಿಕ್ಕ ಮಕ್ಕಳದು ಒಂದು ಇಂಗ್ಲಿಷ್ ಕ್ರಿಸ್ಮಸ್ ಡ್ಯಾನ್ಸೂ ಇದೆ."

ಅವಳೇ ಮಾತು ಮುಗಿಸಿದಳು: "ನಿಮ್ಮ ಕಜ್ಜಾಯ ಮಾತ್ರ ತಪ್ಪಿಸ್ಬೇಡಿ ಆಂಟಿ, ಎಲ್ಲರೂ ಈಗ್ಲೇ ಕೇಳ್ತಾ ಇದ್ದಾರೆ."

ಗಣಪತಿಯ ಹಾಡಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಪಕ್ಕದ ಮನೆಯ ಕಡುಬು ತಿಂದು ಬೆಳೆದವಳು ನಾನು. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಕೆಂಪು ಟೋಪಿ, ಹತ್ತಿಯ ಗಡ್ಡ, ಇಂಗ್ಲಿಷ್ ಹಾಡು ಹಾಕಿಕೊಂಡು ಬಂದರೆ ಕ್ರಿಸ್ಮಸ್ ಇವರಿಗೆ ಆಗುತ್ತದೆ. ಕನ್ನಡ ಮಾತಾಡಿಕೊಂಡು ಬಂದರೆ ಆಗುವುದಿಲ್ಲ. ಅದೂ ಕನ್ನಡದ ಕಾರ್ಯಕ್ರಮದಲ್ಲಿ!

ಮಗನಿಗೆ ಹೇಳಿದೆ. ಅವನು ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ, "ಬಿಡಮ್ಮ, ಯಾಕೆ ದೊಡ್ಡದು ಮಾಡ್ತೀಯ? ವರ್ಷಕ್ಕೊಂದು ಸಲ ಸಿಗೋ ಜನ" ಎಂದ.

"ವರ್ಷಕ್ಕೊಂದು ಸಲ ಸಿಗೋರ ಮುಂದೆ ವರ್ಷಕ್ಕೊಂದು ಸಲ ನುಂಗಬೇಕಾ?"

"ನಾನು ಆಫೀಸಲ್ಲಿ ದಿನಾ ನುಂಗ್ತೀನಿ, ಅಮ್ಮ."

ಅವನ ಮೇಲೂ ಸಿಟ್ಟು ಬಂತು. ನಾನು ಮಗನಿಗೆ ಕಲಿಸಿದ್ದು ಇದೇನಾ ಎಂದುಕೊಂಡೆ. ಆದರೆ ಅಷ್ಟರಲ್ಲಿ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಸೋ ದೇ ಡೋಂಟ್ ವಾಂಟ್ ಮಿ?" ಎಂದು ಕೇಳಿದಳು. ನಿನ್ನನ್ನಲ್ಲ ಮಗಳೇ, ಹಾಡನ್ನು ಎಂದೆ. ಆ ವಯಸ್ಸಿನ ಮಗುವಿಗೆ ಎರಡರ ನಡುವೆ ಯಾವ ವ್ಯತ್ಯಾಸ? ಎದ್ದು ಒಳಗೆ ಹೋದಳು.

ಕಾರ್ಯಕ್ರಮಕ್ಕೆ ನಾನು ಹೋದೆ. ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ದಪ್ಪ ಕೋಟು ಹಾಕಿ, ಕಜ್ಜಾಯದ ಡಬ್ಬಿಯಿಲ್ಲದೆ ಬರಿಗೈಯಲ್ಲಿ ಹೋದೆ. ಮಗನೇ ಡ್ರೈವ್ ಮಾಡಿ ಕರೆದುಕೊಂಡು ಹೋದ. ಮೊಮ್ಮಗಳು ಬರಲಿಲ್ಲ. ಗಣೇಶ ಸ್ತುತಿಯಾಯಿತು, ಎಲ್ಲರ ಜೊತೆ ನಾನೂ ಎದ್ದು ನಿಂತೆ. ಚಿಕ್ಕ ಮಕ್ಕಳು ಜಿಂಕೆಯ ಕೊಂಬು ಕಟ್ಟಿಕೊಂಡು ಕುಣಿದರು. ಸಾಂಟಾ ಬಂದು ಹೋ ಹೋ ಎಂದ. ನನ್ನ ಪಕ್ಕ ಕೂತವರು, "ನಿಮ್ಮ ಹಬ್ಬ ಅಲ್ವಾ ಆಂಟಿ, ನಿಮಗೆ ಖುಷಿ ಆಗಿರ್ಬೇಕು" ಎಂದರು.

ಕಾಫಿಯ ಹೊತ್ತಿನಲ್ಲಿ ಗುಂಪಿನ ಮುಖ್ಯಸ್ಥರು ತಾವಾಗಿಯೇ ಬಂದರು. ಬಿಸಿನೆಸ್ ಇರುವ, ಎಲ್ಲರಿಗೂ ಬೇಕಾದ ಮನುಷ್ಯ.

"ತಪ್ಪು ತಿಳ್ಕೋಬೇಡಿ ಆಂಟಿ. ಹಾಡು ತುಂಬ ಚೆನ್ನಾಗಿದೆ. ಆ ಒಂದು ಹೆಸರು ತೆಗೆದು 'ಕಂದ' ಅಂತ ಹಾಕಿದ್ರೆ ಯಾರಿಗೂ ಪ್ರಾಬ್ಲಮ್ ಇರ್ಲಿಲ್ಲ. ಹುಟ್ಟವ್ನೆ ಕಂದ. ಕೂತ್ಕೊಳ್ಳುತ್ತೆ ನೋಡಿ."

"ಗಣಪತಿ ಹಾಡಿಂದ ಗಣಪತಿ ಹೆಸರು ತೆಗೆದು ಹಾಡಿಸ್ತೀರಾ?"

"ಅದು ಬೇರೆ ಅಲ್ವಾ ಆಂಟಿ? ಅದು ನಮ್ಮ ಸಂಸ್ಕೃತಿ." ಅವರು ದನಿ ತಗ್ಗಿಸಿ ಬಹಳ ಅಕ್ಕರೆಯಿಂದ ಕೇಳಿದರು, "ಅಂದ ಹಾಗೆ, ನಿಮ್ಮ ಫ್ಯಾಮಿಲಿ ಕನ್ವರ್ಟ್ ಆಗಿದ್ದು ಯಾವಾಗ?"

ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ. "ನೀವು ಅಮೆರಿಕದವರಾಗಿ ಕನ್ವರ್ಟ್ ಆದ್ರಲ್ಲ, ಅದಕ್ಕಿಂತ ಬಹಳ ಹಿಂದೆ. ನಮ್ಮಜ್ಜನ ಅಜ್ಜನೂ ಗೋದಲಿ ಕಟ್ಟಿದ್ದವರೇ. ಅವರಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರ್ತಿರ್ಲಿಲ್ಲ" ಎಂದೆ. ದನಿ ಏರಿತ್ತು. ಸುತ್ತಲಿನ ನಾಲ್ಕಾರು ಮಂದಿ ತಿರುಗಿ ನೋಡಿದರು. ಮುಖ್ಯಸ್ಥರು ನಕ್ಕು, "ಆಂಟಿಗೆ ಇವತ್ತು ಕೋಪ" ಎಂದು ಸುತ್ತಲಿದ್ದವರಿಗೆ ಹೇಳಿ, ಬೇರೊಬ್ಬರ ಹೆಗಲ ಮೇಲೆ ಕೈಹಾಕಿ ಹೊರಟರು. ಅಷ್ಟೇ. ಸಿಟ್ಟಾದ ಮುದುಕಿಯನ್ನು ತಮಾಷೆ ಮಾಡಿ ದಾಟಿಹೋಗುವುದು ಎಷ್ಟು ಸುಲಭ!

ಹಿಂದಿರುಗುವಾಗ ಮಗ ಕಾರು ಸ್ಟಾರ್ಟ್ ಮಾಡುವ ಮೊದಲು, "ಅವರು ಕೇಳಿದ್ದು ನನಗೂ ಕೇಳಿಸ್ತು, ಅಮ್ಮ. ನಾನು ಅಲ್ಲೇ ನಿಂತಿದ್ದೆ" ಎಂದ.

ಹಬ್ಬದ ದಿನ ಎಂದಿನಂತೆ ಎಲ್ಲರೂ ಸೇರಿದೆವು. ಕುರಿಗಳ ಜಗಳವಾಯಿತು, ಕೋಳಿ ಸಾರಾಯಿತು. ಗೋದಲಿಯ ಮುಂದೆ ಹಾಡುವ ಹೊತ್ತಿಗೆ ಎಲ್ಲರೂ ಮೊಮ್ಮಗಳ ಮುಖ ನೋಡಿದರು. ಅವಳು ಫೋನ್ ನೋಡುತ್ತ, "ಐ ಫರ್ಗಾಟ್ ಇಟ್" ಎಂದಳು. ಮರೆತಿರಲಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಮಧ್ಯಾಹ್ನ ಕಾಲಿಂಗ್ ಬೆಲ್ ಆಯಿತು. ಕಾರ್ಯಕ್ರಮದ ಆ ಹುಡುಗಿ, ಹೂವಿನ ಗುಚ್ಛ ಹಿಡಿದು ಒಬ್ಬಳೇ ಬಂದಿದ್ದಳು. ಒಳಗೆ ಕರೆದು ಊಟಕ್ಕೆ ಕೂರಿಸಿದೆ. ಮನೆಗೆ ಬಂದವರಿಗೆ ಅನ್ನ ಹಾಕದಿರುವಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ತಟ್ಟೆಯ ಮುಂದೆ ಅವಳ ಕಣ್ಣು ತುಂಬಿತು.

"ಅವತ್ತು ನಂಗೇ ಸರಿ ಅನ್ನಿಸ್ಲಿಲ್ಲ, ಆಂಟಿ. ಆದ್ರೆ ಮೀಟಿಂಗಲ್ಲಿ ಬಾಯಿ ಬಿಡ್ಲಿಲ್ಲ. ಸಾರಿ."

"ನನಗೆ ಯಾಕೆ ಹೇಳ್ತೀಯಮ್ಮ? ಎಲ್ಲಿ ಬಾಯಿ ಬಿಡಬೇಕಿತ್ತೋ ಅಲ್ಲಿ ಹೇಳು."

ಅವಳು ತಲೆಯಾಡಿಸಿದಳು. ಇಂಥ ತಲೆಯಾಡಿಸುವಿಕೆಗಳನ್ನು ಬಹಳ ಕಂಡಿದ್ದೇನೆ ಎಂದುಕೊಂಡೆ. ಆದರೆ ಹುಡುಗಿ ಮಾತು ಉಳಿಸಿಕೊಂಡಳು. ಮುಂದಿನ ಮೀಟಿಂಗಿನಲ್ಲಿ ಎದ್ದುನಿಂತು ಹೇಳಿದಳಂತೆ. ಇಬ್ಬರು ಅವಳ ಪರ ಮಾತಾಡಿದರಂತೆ, ಉಳಿದವರು ಆಮೇಲೆ ನೋಡೋಣ ಎಂದರಂತೆ. ವರ್ಷವಿಡೀ ಅವಳು ಬಿಡಲಿಲ್ಲ. ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಫೋನ್ ಬಂತು: "ಆಂಟಿ, ಹಾಡು ಹೇಗಿದೆಯೋ ಹಾಗೇ. ಒಂದಕ್ಷರ ಬದಲಾಯಿಸೋದು ಬೇಡ."

ಮೊಮ್ಮಗಳಿಗೆ ಹೇಳಿದೆ. ಈಗ ಅವಳಿಗೆ ಹದಿಮೂರು. "ನೋ ಥ್ಯಾಂಕ್ಸ್, ಅಜ್ಜಿ" ಎಂದಳು, ಸಿಟ್ಟಿಲ್ಲದೆ, ಬಹಳ ಮರ್ಯಾದೆಯಿಂದ. ಅವಳ ಅಪ್ಪ ಒತ್ತಾಯ ಮಾಡಲು ಬಾಯಿ ತೆರೆದ. ಬೇಡ ಎಂದು ಕಣ್ಣಿನಲ್ಲೇ ತಡೆದೆ. ಆ ಹುಡುಗಿಗೆ ಫೋನ್ ಮಾಡಿ, "ನಾನೇ ಹಾಡ್ತೀನಿ, ನನ್ನ ಹೆಸರು ಬರ್ಕೋ" ಎಂದೆ.

ಕಳೆದ ವಾರ ಹಾಡಿದೆ. ಮೊದಲ ಸಾಲಿನಲ್ಲಿ ದನಿ ಸ್ವಲ್ಪ ತಪ್ಪಿತು, ಯೇಸುವಿನ ಹೆಸರು ಬಂದಾಗ ಸರಿಯಾಗಿತ್ತು. ಮುಂದಿನ ಸಾಲಿನ ಒಂದಿಬ್ಬರು ಹೆಂಗಸರು ತೊಡೆಯ ಮೇಲೆ ತಾಳ ಹಾಕಿದರು, ಆ ಧಾಟಿ ಅವರಿಗೆ ಗೊತ್ತಿತ್ತು. ಮುಖ್ಯಸ್ಥರು ಬಾಗಿಲ ಬಳಿ ಯಾರ ಜೊತೆಯೋ ಮಾತಾಡುತ್ತಿದ್ದರು. ಮಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಗೆದ್ದಿರಿ ಎಂದು ಆ ಹುಡುಗಿ ನನ್ನನ್ನು ತಬ್ಬಿಕೊಂಡಳು. ಗೆದ್ದದ್ದೇನು? ಹಾಲ್‌ನಲ್ಲಿ ಕನ್ನಡ ಬರುವ ಮುದುಕಿಯೊಬ್ಬಳು ಕನ್ನಡದಲ್ಲಿ ಹಾಡಿದಳು, ಅಷ್ಟೇ. ಹಾಡಬೇಕಿದ್ದ ಮಗು ಆ ಹೊತ್ತಿನಲ್ಲಿ ಗೆಳತಿಯ ಮನೆಯಲ್ಲಿ ಸಿನಿಮಾ ನೋಡುತ್ತಿದ್ದಳು. ತಾನಾಗಿ ಒಲಿದು ಬಂದಿದ್ದ ಮಗುವನ್ನು ಹೋದ ವರ್ಷ ಈ ಗುಂಪಿನವರು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದರು. ಈ ವರ್ಷ ನನ್ನ ಹಾಡಾದ ಮೇಲೆ ಅವರೇ ವೇದಿಕೆಗೆ ಬಂದು, ನಮ್ಮ ಮಕ್ಕಳು ಕನ್ನಡ ಮಾತಾಡುವುದಿಲ್ಲ ಎಂದು ಮೈಕಿನಲ್ಲಿ ಅತ್ತರು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.