ಅವಳ ಹೆಬ್ಬೆಟ್ಟು ಹಿಡಿದವಳು ನಾನು

ನಿಜಾಮನ ಕಾಲದಲ್ಲಿ ನಮ್ಮಪ್ಪ ಮೊದಲು ಮಸ್ಕಿ ಕಡೆಯ ಒಂದು ಸಣ್ಣ ಠಾಣೆಯಲ್ಲಿ ಪೊಲೀಸ್ ಜವಾನ, ಆಮೇಲೆ ಲಿಂಗಸುಗೂರಿನಲ್ಲಿ ಜೈಲು ಕಾಯುವವ, ಕೊನೆಗೆ ಸಿಂಧನೂರಿನಲ್ಲಿ ಹೊಸ ಜವಾನರಿಗೆ ಕಾಯ್ದೆ ಕಲಿಸುವ ಉಸ್ತಾದ. ಜನ ಅವನನ್ನು ದೊಡ್ಡ ಮನುಷ್ಯ ಅಂದರು. ನಾನು ಅನ್ನಲಿಲ್ಲ.

ಆಗ ಹೆಣ್ಣು ಪೊಲೀಸರು ಎಲ್ಲಿದ್ದರು? ಹೆಂಗಸನ್ನು ಹಿಡಿದು ತಂದರೆ ಜವಾನನ ಹೆಂಡತಿಯನ್ನೋ ಮಗಳನ್ನೋ ಕರೆದು ಬಾಗಿಲಲ್ಲಿ ಕೂಡಿಸುತ್ತಿದ್ದರು. ನಮ್ಮವ್ವ ಸತ್ತಿದ್ದಳು, ಆ ಕೆಲಸ ನನ್ನ ತಲೆಗೆ ಬಿತ್ತು. ಮಸ್ಕಿ ಕಡೆ ಇದ್ದಾಗ, ಗೌಡರ ಮನೆಯ ಸೊಂಟದ ಬೆಳ್ಳಿ ಡಾಬು ಕದ್ದಳೆಂದು ಕುರಿ ಕಾಯುವವಳೊಬ್ಬಳನ್ನು ತಂದರು. ಮೂರು ದಿನ ಅವಳ ಜೊತೆ ಕೂತೆ. ರೊಟ್ಟಿ ಕೊಟ್ಟೆ, ತಲೆ ಬಾಚಿದೆ. ಮನೆಯಲ್ಲಿ ಮೊಲೆಗೂಸು ಬಿಟ್ಟು ಬಂದಿದ್ದಳು. ಕುಪ್ಪಸವೆಲ್ಲ ಹಾಲಿನಿಂದ ಒದ್ದೆ.

ನಾಲ್ಕನೆಯ ದಿನ ಅಪ್ಪ ಉರ್ದುವಿನಲ್ಲಿ ಬರೆದ ಕಾಗದ, ಮಸಿ ತಂದ. ಹೆಂಗಸಿನ ಕೈ ಗಂಡಸು ಮುಟ್ಟಬಾರದಲ್ಲ, ಅದೊಂದು ಮರ್ಯಾದೆ ಇತ್ತು ಅವರಿಗೆ! ಹೆಬ್ಬೆಟ್ಟು ಹಿಡಿದು ಒತ್ತಿಸುವುದು ನನ್ನ ಪಾಲಿಗೆ.

"ಯವ್ವಾ, ಇದರಾಗ ಏನು ಬರದೈತಿ?" ಅಂದಳು ಅವಳು.

ನಾನು ಅಪ್ಪನನ್ನು ಕೇಳಿದೆ.

"ಮನೀಗೆ ಬಿಡೋ ಕಾಗದ. ಒತ್ತಸು ಲಗೂನ."

ಒತ್ತಿಸಿದೆ. ಅದು ಕಳವು ಮಾಡಿದ್ದು ಹೌದು ಎಂಬ ಕಬೂಲಿ ಅಂತ ಆಮೇಲೆ ತಿಳಿಯಿತು. ಅವಳನ್ನು ಜೈಲಿಗೆ ಒಯ್ದರು. ಡಾಬು ಆಮೇಲೆ ಗೌಡರ ಸೊಸೆಯ ಪೆಟ್ಟಿಗೆಯಲ್ಲೇ ಸಿಕ್ಕಿತು, ಯಾರೂ ತುಟಿ ಬಿಚ್ಚಲಿಲ್ಲ. ಅವಳು ಹೊರಬರುವಷ್ಟರಲ್ಲಿ ಕೂಸು ತಾಯಿಯ ಗುರುತೇ ಮರೆತಿತ್ತು.

ಸಿಂಧನೂರಿನಲ್ಲಿ ಒಂದು ದಿನ ಅಪ್ಪ ಪಾಠ ಹೇಳುತ್ತಿದ್ದ. "ಓದಿ ಹೇಳದ ಹೆಬ್ಬೆಟ್ಟು ತಗೋಬ್ಯಾಡ್ರಿ."

ಅವರಿಗೆ ನೀರು ತಂದಿದ್ದ ನಾನು ಕೊಡ ಅಲ್ಲೇ ಕುಕ್ಕಿದೆ. "ಆ ಕುರುಬರಾಕಿಗೆ ಓದಿ ಹೇಳಿದ್ದೇನಪಾ ನೀ?"

ಜವಾನರು ನಕ್ಕರು. "ಉಸ್ತಾದ್ರ, ನಿಮ್ಮ ಮಗಳಿಗೆ ವಕೀಲರ ಕರಿ ಕೋಟು ಹೊಲಸ್ರಿ!"

"ನಡೀ ಒಳಗ," ಅಂದ ಅಪ್ಪ. "ಹೆಣ್ಣಿಗ್ಯಾಕ ಈ ಉಸಾಬರಿ?"

"ಒತ್ತಸಾಕ ಹೆಣ್ಣು ಬೇಕು, ಕೇಳಾಕ ಬ್ಯಾಡೇನು?"

ಅದೇ ವಾರ ಇನ್ನೊಬ್ಬಳನ್ನು ಹಿಡಿದು ತಂದರು. ಶಿಷ್ಯರಿಗೆ ಕೆಲಸ ತೋರಿಸಲು ಅಪ್ಪನೇ ಕಾಗದ, ಮಸಿ ಇಟ್ಟುಕೊಂಡು ಕೂತಿದ್ದ, ನನಗೆ ಕರೆ ಬಂತು. ಹೋದೆ, ಮಸಿ ಮುಟ್ಟಲಿಲ್ಲ. "ಮೊದಲು ಓದು. ಆಕಿಗೂ ಕೇಳಲಿ, ಹುಡುಗರಿಗೂ ಕೇಳಲಿ," ಅಂದೆ ಅಪ್ಪನಿಗೆ.

ಶಿಷ್ಯರೆಲ್ಲ ನೋಡುತ್ತಿದ್ದರು. ಅಪ್ಪ ಕಾಗದ ಎತ್ತಿಕೊಂಡು ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದ. "ಸುಳ್ಳದು! ನಾ ಒತ್ತಂಗಿಲ್ಲ," ಅಂದಳು ಆಕೆ. ಒತ್ತಲಿಲ್ಲ.

ಓದಲು ಹಿಡಿದದ್ದು ಒಂದು ರೊಟ್ಟಿ ಬೇಯುವಷ್ಟು ಹೊತ್ತು. ಮೊದಲಿನವಳಿಗೆ ಅಷ್ಟು ಹೊತ್ತೂ ಕೊಡಲಿಲ್ಲ ನನ್ನಪ್ಪ.