ದೊಡ್ಡತ್ತೆ ಉಳಿದುಹೋದ ಮಧ್ಯಾಹ್ನ

"ಗುಡುಗು ಕೂಡ ಇಲ್ಲ ಕಣೇ! ಅವನನ್ನೂ ಕರ್ತ ಕರ್ಕೊಂಡು ಹೋಗಿ ನನ್ನ ಮಾತ್ರ ಬಿಟ್ಟ ಅಂದ್ರೆ ನಾನು ಎಂಥಾ ಪಾಪಿ ಇರ್ಬೇಕು, ನೀನೇ ಹೇಳು!"

ಗುಡುಗು ಎಂದರೆ ದೊಡ್ಡತ್ತೆ ಕೆಲಸ ಮಾಡುವ ಲಾಂಡ್ರಿಯ ವ್ಯಾನ್ ಡ್ರೈವರ್. ಬಾಯಿ ತೆರೆದರೆ ಬೈಗುಳ, ಮುಚ್ಚಿದರೆ ಗೊರಕೆ. ಅಂಥವನು ಸ್ವರ್ಗಕ್ಕೆ ಹೋದ, ತಾನು ಭೂಮಿಯ ಮೇಲೆ ಉಳಿದುಹೋದೆ ಎಂದು ನಮ್ಮ ದೊಡ್ಡತ್ತೆ ಈ ಮಂಗಳವಾರ ಮಧ್ಯಾಹ್ನ ನಿಜವಾಗಿಯೂ ನಂಬಿಬಿಟ್ಟಿದ್ದರು! ಶನಿವಾರ ನಾನು ಹಾಸ್ಟೆಲಿನಿಂದ ಬಂದು ಇನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ಅಷ್ಟರಲ್ಲಿ ಕಥೆ ಶುರುವಾಗಿತ್ತು.

"ತಡೀರಿ ಅತ್ತೆ, ಮೊದಲಿಂದ ಹೇಳಿ," ಎಂದೆ.

"ಮೊದಲಿಂದ ಅಂದ್ರೆ ನಿಂಗೆ ಗೊತ್ತಿರೋದೇ ಅಲ್ವೇನೇ."

ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ದೊಡ್ಡತ್ತೆ ಅಪ್ಪನ ಅಕ್ಕ, ಚಿಕ್ಕತ್ತೆ ಅಪ್ಪನ ತಂಗಿ. ಇಬ್ಬರೂ ಕೆಲಸ ಮಾಡುವುದು ಒಂದೇ ಲಾಂಡ್ರಿಯಲ್ಲಿ. ಹೋಟೆಲು, ಆಸ್ಪತ್ರೆಗಳ ಬಿಳಿ ಹಾಸಿಗೆ ಬಟ್ಟೆಗಳು ಬೆಟ್ಟದ ಹಾಗೆ ಬಂದು ಬೀಳುವ ಜಾಗ ಅದು. ಅಷ್ಟು ದೊಡ್ಡ ಬಟ್ಟೆಯನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಬಿಗಿಯಾಗಿ ಎಳೆದು, ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಅಂಚು ಚಪ್ಪಲಿಗೆ ತಾಗಿ ಕೊಳೆಯಾಗಬಾರದು ಎಂದು ಚಾಪೆಯ ಮೇಲೆ ಬರಿಗಾಲಲ್ಲೇ ನಿಲ್ಲಬೇಕು. ನಮ್ಮ ಅತ್ತೆಯರ ಜೋಡಿ ಮಡಚುವುದನ್ನು ನೋಡಿದರೆ, ಯಾರೋ ಕನ್ನಡಿಯ ಮುಂದೆ ನಿಂತು ಕೆಲಸ ಮಾಡುತ್ತಿದ್ದಾರೇನೋ ಅನ್ನಿಸುತ್ತದೆ.

ಮಾವ ತೀರಿಕೊಂಡಾಗ ದೊಡ್ಡತ್ತೆಗೆ ಇನ್ನೂ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಮಕ್ಕಳಿಲ್ಲ. ಬಾಡಿಗೆಯ ಒಂದು ಕೋಣೆ, ಒಂದು ಕಿಟಕಿ, ಒಂದು ಸ್ಟವ್. ಆ ದಿನಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಕರ್ತನ ಬರೋಣದ, ಅಂದರೆ ಆತ ಭೂಮಿಗೆ ಮತ್ತೆ ಬರುತ್ತಾನೆ ಎಂಬ, ನಂಬಿಕೆ. ಒಂದು ದಿನ ತುತೂರಿ ಊದುತ್ತದೆ, ಆತನಲ್ಲಿ ಸತ್ತವರು ಮೊದಲು ಏಳುತ್ತಾರೆ, ಆಮೇಲೆ ಬದುಕಿರುವ ನಾವು ಅವರ ಜೊತೆ ಮೇಘಗಳಲ್ಲಿ ಎತ್ತಲ್ಪಡುತ್ತೇವೆ ಎಂದು ಪಾಸ್ಟರ್ ಸಮಾಧಿಯ ಹತ್ತಿರ ಹೇಳಿದ್ದರಂತೆ. ದೊಡ್ಡತ್ತೆ ಅಳುತ್ತಾ ಅಳುತ್ತಾ ನಕ್ಕುಬಿಟ್ಟಿದ್ದರಂತೆ. "ಬದುಕಿದ್ದಾಗ ಒಂದೇ ಒಂದು ದಿನ ನನಗಿಂತ ಮುಂಚೆ ಎದ್ದವರಲ್ಲ ನಿಮ್ಮ ಮಾವ. ಅವತ್ತಾದ್ರೂ ಅವರೇ ಮೊದಲು ಏಳ್ತಾರಲ್ಲ!"

ಅಕ್ಕತಂಗಿಯರ ನಡುವೆ ಬಿರುಕು ಬಿಟ್ಟದ್ದೂ ಇದೇ ನಂಬಿಕೆಯಿಂದ ಎಂದರೆ ನಂಬುತ್ತೀರಾ? ಲೋಕದ ಕೊನೆಗೆ ಮಹಾ ಸಂಕಟ ಬರುವ ಮುಂಚೆಯೇ ಕರ್ತ ಸಭೆಯನ್ನು, ಅಂದರೆ ತನ್ನನ್ನು ನಂಬಿದವರನ್ನೆಲ್ಲ, ಎತ್ತಿಕೊಂಡು ಹೋಗುತ್ತಾನೆ ಎಂಬುದು ದೊಡ್ಡತ್ತೆಯ ಚರ್ಚಿನ ಉಪದೇಶ. ಚಿಕ್ಕತ್ತೆ ಮದುವೆಯಾಗಿ ಸೇರಿದ ಚರ್ಚಿನಲ್ಲಿ ಬೇರೆ. ಸಭೆ ಸಂಕಟದೊಳಗಿಂದಲೇ ಹಾದುಹೋಗಬೇಕು, ಆತ ಬೆಂಕಿಯ ನಡುವೆಯೂ ಕಾಪಾಡಿ ಕೊನೆಯಲ್ಲಿ ಬಿಡಿಸುತ್ತಾನೆ ಎಂದು. ಅದಕ್ಕೇ ಚಿಕ್ಕತ್ತೆ ಮಂಚದ ಕೆಳಗೆ ಒಂದು ತಗಡಿನ ಡ್ರಮ್ಮಿನಲ್ಲಿ ಅಕ್ಕಿ, ಉಪ್ಪು, ಮೇಣದಬತ್ತಿ, ಬೆಂಕಿಪೊಟ್ಟಣ ತುಂಬಿಡಲು ಶುರು ಮಾಡಿದರು. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ದೊಡ್ಡತ್ತೆ, "ಊರೆಲ್ಲ ಮೋಡ ಹತ್ತಿ ಹೋಗ್ತಿರೋವಾಗ ನಮ್ಮವಳು ಡ್ರಮ್ಮಿನ ಮುಚ್ಚಳ ಹುಡುಕ್ತಾ ಇರ್ತಾಳೆ!" ಎಂದುಬಿಟ್ಟರು. ಎಲ್ಲರೂ ನಕ್ಕೆವು. ಚಿಕ್ಕತ್ತೆ ಅರ್ಧ ಊಟದಲ್ಲಿ ಎದ್ದು ಹೋದರು.

ಅವತ್ತಿನಿಂದ ಅವರಿಬ್ಬರ ಮಾತು ಮೂರೇ ಮೂರು: "ಹಿಡಿ", "ಎಳಿ", "ಬಿಡು". ಅದೂ ಬಟ್ಟೆ ಮಡಚಲು ಬೇಕಾದ್ದರಿಂದ! ಅಪ್ಪ ತಲೆ ಚಚ್ಚಿಕೊಂಡು, "ಸ್ವರ್ಗಕ್ಕೆ ಇಬ್ರೂ ಒಂದೇ ಕಡೆ ತಾನೇ ಹೋಗೋದು? ಅಲ್ಲೇನ್ ಮಾಡ್ತೀರಿ?" ಎಂದು ಕೇಳಿದರೆ ದೊಡ್ಡತ್ತೆ, "ಅಲ್ಲಿ ಜಾಗ ದೊಡ್ಡದಿರತ್ತೆ ಬಿಡೋ," ಎಂದಿದ್ದರು.

ಈಗ ಮಂಗಳವಾರಕ್ಕೆ ಬನ್ನಿ. ದೊಡ್ಡತ್ತೆ ಹಿಂದಿನ ಕೋಣೆಯಿಂದ ಒಣಗಿದ ಬಟ್ಟೆ ತರಲು ಹೋಗಿದ್ದರು. ಅಲ್ಲಿ ಒಣಗಿಸುವ ಮಷೀನುಗಳ ಗದ್ದಲಕ್ಕೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ತಳ್ಳುಗಾಡಿ ತಳ್ಳಿಕೊಂಡು ವಾಪಸ್ ಬಂದರೆ ಬಟ್ಟೆ ಮಡಚುವ ಹಾಲ್‌ನಲ್ಲಿ ಒಂದು ನರಪಿಳ್ಳೆ ಇಲ್ಲ. ಇಸ್ತ್ರಿ ಪ್ರೆಸ್ಸು ತನ್ನ ಪಾಡಿಗೆ ಉಸ್ಸೆಂದು ಹಬೆ ಬಿಡುತ್ತಿದೆ. ಯಾರದೋ ಲೋಟದಲ್ಲಿ ಟೀ ಇನ್ನೂ ಬಿಸಿಯಾಗಿದೆ. ಚಿಕ್ಕತ್ತೆ ನಿಲ್ಲುವ ಜಾಗದಲ್ಲಿ ಅರ್ಧ ಮಡಚಿದ ಬಟ್ಟೆ ನೆಲಕ್ಕೆ ಬಿದ್ದಿದೆ. ಮೇಜಿನ ಮೇಲೆ ಅವರ ಕನ್ನಡಕ. ಚಾಪೆಯ ಪಕ್ಕ ಅವರ ಚಪ್ಪಲಿ.

"ಕನ್ನಡಕ ಇಲ್ದೇ ಅವಳು ಬಾತ್‌ರೂಮಿಗೂ ಹೋಗಲ್ಲ ಕಣೇ. ಬರಿಗಾಲಲ್ಲಿ, ಕನ್ನಡಕ ಬಿಟ್ಟು ಎಲ್ಲಿಗೆ ಹೋಗ್ತಾಳೆ? ಮೇಲಕ್ಕೇ ತಾನೇ?"

ಕೂಗಿದರು. ಉತ್ತರವಿಲ್ಲ. ಹಿಂಬಾಗಿಲಿಗೆ ಓಡಿಹೋಗಿ ಅಲ್ಲಿ ನಿಲ್ಲುವ ವ್ಯಾನ್ ನೋಡಿದರು. ಬಾಗಿಲು ತೆರೆದಿದೆ, ಗುಡುಗು ಇಲ್ಲ.

"ಮೊದಲು ಬಂದ ಯೋಚನೆ ಏನು ಗೊತ್ತಾ? ನಮ್ಮ ಪಾಸ್ಟರ್ ಹೇಳಿದ್ದೇ ನಿಜ ಆಯ್ತು, ಸಂಕಟಕ್ಕೆ ಮುಂಚೆನೇ ಕರ್ಕೊಂಡು ಹೋದ ಅಂತ. ನನ್ನ ಉಪದೇಶ ಸರಿ, ನಾನೇ ಸರಿ ಇಲ್ಲ!"

"ಆಮೇಲೆ?"

"ಆಮೇಲೆ ಅವಳ ಡ್ರಮ್ಮು."

ಅತ್ತೆ ಕೊಟ್ಟಿದ್ದ ಟೀ ನನ್ನ ಮೂಗಿಗೇರಿತು.

"ನಗಬೇಡ್ವೇ! ಇನ್ನು ಅಂಗಡೀಲಿ ಏನೂ ಸಿಗಲ್ಲ, ಅವಳ ಮನೆ ಬೀಗದಕೈ ಎಲ್ಲಿಟ್ಟಿರ್ತಾಳೋ ಅಂತ ತಲೆ ಓಡ್ತಿದೆ. ಅಷ್ಟರಲ್ಲಿ ಆ ಚಪ್ಪಲಿ ಕಣ್ಣಿಗೆ ಬಿತ್ತು ನೋಡು..." ದೊಡ್ಡತ್ತೆಯ ದನಿ ಇಳಿಯಿತು. "ಬೆಳಗ್ಗೆಯಿಂದ ಎದುರಿಗೇ ನಿಂತಿದ್ಲು. ಒಂದು ಮಾತು, ತಪ್ಪಾಯ್ತು ಕಣೇ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಈಗ ಯಾರಿಗೆ ಹೇಳ್ಲಿ? ಬಟ್ಟೆ ರಾಶಿ ಮೇಲೆ ಕೂತ್ಕೊಂಡು ಅಳ್ತಾ ಇದ್ದೆ, ಅಳ್ತಾನೇ ಇದ್ದೆ."

"ಒಣಗಿಸಿ ತಂದ ಬಟ್ಟೆಯೆಲ್ಲ ಮತ್ತೆ ಒದ್ದೆ ಮಾಡಿಟ್ಟಿದ್ಲು," ಎಂದು ಬಾಗಿಲಿನಿಂದ ಒಂದು ದನಿ.

ಚಿಕ್ಕತ್ತೆ! ದೊಡ್ಡತ್ತೆಯ ಕೋಣೆಗೆ! ಬಂದವರೇ ಚಪ್ಪಲಿ ಬಿಟ್ಟು, ಕೇಳದೆ ಮಂಚದ ಮೇಲೆ ಕೂತು, ನನ್ನ ಲೋಟದಿಂದಲೇ ಒಂದು ಗುಟುಕು ಕುಡಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಸೈರನ್ ಆಯ್ತು ಮಗಾ," ಎಂದು ಅವರು ಕಥೆಯನ್ನು ಕಸಿದುಕೊಂಡರು. "ಬೆಂಕಿ ಬಿದ್ರೆ ಹೇಗೆ ಓಡ್ಬೇಕು ಅಂತ ಪ್ರಾಕ್ಟೀಸು. ಇವಳಿಗೆ ಹೇಳೋದು ಸೂಪರ್‌ವೈಸರ್ ಮರೆತಿದ್ದ. ನಾವೆಲ್ಲ ಇದ್ದ ಹಾಗೇ ಮುಂದಿನ ಅಂಗಳಕ್ಕೆ ಓಡಿದ್ವಿ, ಒರೆಸೋಕೆ ತೆಗೆದಿಟ್ಟ ಕನ್ನಡಕಾನೂ ಅಲ್ಲೇ ಬಿಟ್ಟು. ನೋಡಿದ್ರೆ ಅಕ್ಕ ಇಲ್ಲ. ನಾನು ಒಳಗೆ ಹೊರಟೆ. ಯಾರೂ ಒಳಗೆ ಹೋಗ್ಬಾರ್ದು ಅಂದ. ನಮ್ಮಕ್ಕ ಒಳಗಿದಾಳೆ ಅಂದೆ. ಇದು ಬರೀ ಪ್ರಾಕ್ಟೀಸ್ ಅಮ್ಮಾ ಅಂದ. ಪ್ರಾಕ್ಟೀಸ್ ಆದ್ರೂ ಅಕ್ಕ ಅಕ್ಕನೇ ಅಂತ ಅವನನ್ನ ತಳ್ಳಿಕೊಂಡು ಬಂದೆ."

ಕನ್ನಡಕವಿಲ್ಲದೆ ಚಿಕ್ಕತ್ತೆಗೆ ಕಂಡದ್ದು ಬರೀ ಬಿಳಿ ರಾಶಿ, ಕೇಳಿಸಿದ್ದು ಅಳು. "ಅಕ್ಕಾ" ಎಂದರು. ಎರಡು ವರ್ಷದ ಮೇಲೆ!

ದೊಡ್ಡತ್ತೆ ತಲೆಯೆತ್ತಿ, "ನೀನು ಹೋಗಲಿಲ್ವಾ?" ಎಂದರಂತೆ.

"ಎಲ್ಲಿಗೆ?"

ದೊಡ್ಡತ್ತೆ ಬೆರಳು ಮೇಲೆ ಮಾಡಿ ತೋರಿಸಿದರಂತೆ.

ನನ್ನಾಣೆ, ನಾನಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಊಟದ ಮನೆಯ ಆ ನಗೆಯನ್ನು ಬಡ್ಡಿ ಸಮೇತ ತೀರಿಸುವ ಅವಕಾಶ! ಆದರೆ ಚಿಕ್ಕತ್ತೆ ನಗಲಿಲ್ಲ. ಪಕ್ಕದಲ್ಲಿ ಕೂತು, "ನಿನ್ನ ಬಿಟ್ಟು ಹೋಗ್ತೀನಾ?" ಎಂದರಂತೆ.

"ಅವತ್ತು ನಾನು ಹಾಗೆ ನಗಬಾರದಿತ್ತು ಕಣೇ," ಎಂದರಂತೆ ದೊಡ್ಡತ್ತೆ.

"ಹ್ಞೂಂ. ನಗಬಾರದಿತ್ತು."

ಅಷ್ಟೇ ಮಾತು. ಆಮೇಲೆ ಸೂಪರ್‌ವೈಸರ್ ಬಂದು ಇಬ್ಬರನ್ನೂ ಬೈದು, ಇವರಿಂದಾಗಿ ಪ್ರಾಕ್ಟೀಸ್ ಕೆಟ್ಟಿತೆಂದು ಎಲ್ಲರನ್ನೂ ಮತ್ತೆ ಅಂಗಳಕ್ಕೆ ಓಡಿಸಿದನಂತೆ. ಈ ಸಲ ಇಬ್ಬರೂ ಕೈ ಹಿಡಿದುಕೊಂಡೇ ಓಡಿದರಂತೆ. ಅಲ್ಲಿ ಹೋದ ಮೇಲೆ ನಗು ಶುರುವಾಗಿ ನಿಲ್ಲಲೇ ಇಲ್ಲವಂತೆ.

"ಎಷ್ಟೋ ವರ್ಷದಿಂದ ದಿನಾ 'ಕರ್ತನೇ, ಬೇಗ ಬಾ' ಅಂತಾನೇ ಪ್ರಾರ್ಥನೆ ಮುಗಿಸ್ತಿದ್ದೆ," ಎಂದರು ದೊಡ್ಡತ್ತೆ. "ಮಂಗಳವಾರ ಮೊದಲ ಸಲ, 'ಅಪ್ಪಾ, ಇವತ್ತು ಬರದೇ ಇದ್ದಿದ್ದಕ್ಕೆ ನಿನಗೆ ಸ್ತೋತ್ರ' ಅಂದೆ. ಬರೋದು ಬಂದೇ ಬರ್ತಾನೆ. ಆದ್ರೆ ತಡ ಮಾಡ್ತಿರೋದೂ ನಮ್ಮ ಮೇಲಿನ ಪ್ರೀತಿಗೇ ಅಂತ ಈ ಮಂಡೆಗೆ ಈಗ ಹೊಕ್ಕಿತು."

"ತಡ ಮಾಡ್ತಾನೆ, ಸಂಕಟ ಮುಗಿಯೋವರೆಗೂ," ಎಂದರು ಚಿಕ್ಕತ್ತೆ, ಲೋಟದೊಳಗೇ.

"ಮುಂಚೆ ಬರ್ತಾನೆ!"

"ಆಮೇಲೆ!"

ನನಗೆ ಗಾಬರಿಯಾಯಿತು. ಆದರೆ ಇಬ್ಬರ ಮುಖದಲ್ಲೂ ನಗು. ಈ ಪ್ರಶ್ನೆಯನ್ನು ಇನ್ನು ಮೇಲೆ ಶನಿವಾರ ಶನಿವಾರ ಒಟ್ಟಿಗೆ ಕೂತು, ಬೈಬಲಿನ ವಾಕ್ಯ ತೆಗೆದು ಓದಿ, ಪ್ರಾರ್ಥನೆ ಮಾಡಿ ಬಗೆಹರಿಸಿಕೊಳ್ಳುವುದೆಂದು ಒಪ್ಪಂದವಾಗಿದೆಯಂತೆ. ಬಗೆಹರಿಯುವ ಲಕ್ಷಣವೇನೂ ಕಾಣುತ್ತಿಲ್ಲ, ದೇವರಿಗೆ ಸ್ತೋತ್ರ!

"ಮುಂದಿನ ವಾರ ನಮ್ಮನೇಲಿ," ಎಂದರು ಚಿಕ್ಕತ್ತೆ ನನ್ನ ಕಡೆ ತಿರುಗಿ. "ಊಟಕ್ಕೇ ಬಾ. ಜಗಳ ಆದ್ರೆ ಬಿಡಿಸೋಕೆ ಒಬ್ಬರು ಬೇಕು."

ವಾರ್ಡನ್ ಮೇಡಮ್ ಹತ್ತಿರ ಆಗಲೇ ಪರ್ಮಿಷನ್ ತೆಗೆದುಕೊಂಡಾಗಿದೆ. ಶನಿವಾರ ಕ್ಲಾಸ್ ಮುಗಿದ ಕೂಡಲೇ ಹೊರಡುತ್ತೇನೆ.