ಸೊಂಟದೆತ್ತರದ ಗೆರೆ

ಬಿದ್ದ ಮಳೆಯಲ್ಲಿ ನೆಲ ಕುಡಿಯುವುದೆಷ್ಟು, ಉಳಿದು ಹಳ್ಳಕ್ಕೆ ಹರಿಯುವುದೆಷ್ಟು? ಜಲವಿಜ್ಞಾನದ ಮೊದಲ ಪಾಠ ಇಷ್ಟೇ. ಪರೀಕ್ಷೆಯಲ್ಲಿ ನಾನು ಇದಕ್ಕೆ ಒಳ್ಳೆಯ ಅಂಕ ತೆಗೆದಿದ್ದೆ. ಆ ಅಂಕವೇ ತಲೆಗೇರಿತ್ತು.

ಗೋಕಾಕದ ಕಚೇರಿಗೆ ಎಂಜಿನಿಯರಾಗಿ ಸೇರಿದ ಹೊಸತರಲ್ಲಿ, ಮೂಡಲಗಿ ಕಡೆಯ ಹಳ್ಳವೊಂದರ ಮೇಲೆ ರಸ್ತೆ ಎತ್ತರಿಸಿ ಮೋರಿ ಕಟ್ಟುವ ಕೆಲಸ ಬಂತು. ಎರಡು ಪೈಪು ಸಾಕೆಂದು ಲೆಕ್ಕ ಹಾಕಿ ಮುಗಿಸಿದ್ದೆ. ಹಿಂದೆ ನೆರೆ ಎಲ್ಲಿಯವರೆಗೆ ಏರಿತ್ತೆಂದು ಊರವರನ್ನು ಕೇಳಿ ಬರೆಯುವುದಷ್ಟೇ ಬಾಕಿ. ಹಳ್ಳದ ದಂಡೆಗೆ ಇದ್ದದ್ದು ಒಂದೇ ಮನೆ. ಅಲ್ಲಿಯ ಅಜ್ಜಿ, ಗೋಡೆಯ ಮೇಲೆ ಸೊಂಟದೆತ್ತರಕ್ಕಿದ್ದ ಕೆಂಪು ಗೆರೆಗೆ ಕೈ ಹಚ್ಚಿದಳು.

"ಇಲ್ಲಿ ತನಕ ನೀರ ಬಂದಿತ್ರಿ, ಸಾಹೇಬ್ರ. ನಮ್ಮ ಅತ್ತಿ ಎಳದ ಗೆರಿ. ಸುಣ್ಣಾ ಹಚ್ಚಿದಾಗೊಮ್ಮೆ ನಾ ಮತ್ತ ಎಳೀತೀನಿ."

ಸುಣ್ಣ ಬಳಿದ ಗೋಡೆಯ ಬುಡಕ್ಕೆ ಚಂದಕ್ಕೆಂದು ಕೆಮ್ಮಣ್ಣಿನ ಪಟ್ಟಿ ಎಳೆಯುವುದು ನಮ್ಮ ಕಡೆಯ ರೂಢಿ. ಹುಕ್ಕೇರಿಯ ನಮ್ಮ ಮನೆಯಲ್ಲಿ ಅವ್ವನೂ ಎಳೆಯುತ್ತಾಳೆ.

"ಆಯಿ, ಇದು ಚಂದಕ್ಕ ಎಳಿಯೂ ಪಟ್ಟಿ," ಎಂದು ನಕ್ಕೆ.

"ಪಟ್ಟಿ ಕೆಳಗ ಐತ್ರಿ. ಇದು ಬ್ಯಾರೆ."

ಕೆಳಗೆ ನೋಡಿದೆ. ಪಟ್ಟಿ ಇತ್ತು. ಅವಳು ಹೇಳಿದ್ದು ಖರೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಒಪ್ಪಿದರೆ ಲೆಕ್ಕ, ನಕ್ಷೆ ಎಲ್ಲ ಮೊದಲಿನಿಂದ ಆಗಬೇಕು. ಅಂದು ಶನಿವಾರ, ಘಟಪ್ರಭಾ ನಿಲ್ದಾಣದಲ್ಲಿ ನಮ್ಮೂರಿನ ಬಸ್ಸು ಬೇರೆ ತಪ್ಪುತ್ತಿತ್ತು. 'ವಿಚಾರಿಸಲಾಗಿದೆ, ನೆರೆಯ ಗುರುತು ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ.

ಮೋರಿಯಾದ ಮರುವರ್ಷ ಹಳ್ಳ ತುಂಬಿ ಬಂತು. ತೇಲಿಬಂದ ಕಬ್ಬಿನ ಒಣಗರಿ, ರವದಿ, ಎರಡೂ ಪೈಪಿನ ಬಾಯಿ ಮುಚ್ಚಿತು. ನಾನು ಎತ್ತರಿಸಿದ ರಸ್ತೆಯೇ ಒಡ್ಡಾಗಿ, ನೀರು ಹಿಂದಕ್ಕೆ ನಿಂತು ಅಜ್ಜಿಯ ಮನೆ ಹೊಕ್ಕಿತು. ಅವಳ ಜೀವ ಉಳಿಯಿತು. ಹಿತ್ತಲ ಗೋಡೆ ಬಿತ್ತು, ವರ್ಷದ ಜೋಳ ಕೊಳೆಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅವಳು.

ನೀರಿಳಿದ ಮೇಲೆ ಹೋದೆ. ಬಯ್ದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ಅವಳು ಚಹಾ ಕೊಟ್ಟಳು. ಉಳಿದ ಗೋಡೆಯ ಮೇಲೆ, ಹಳೆಯ ಗೆರೆಗಿಂತ ಒಂದು ಮೊಳ ಮೇಲೆ, ರಾಡಿ ನೀರಿನ ಹೊಸ ಗುರುತಿತ್ತು.

ಕಲಸಿದ ಕೆಮ್ಮಣ್ಣಿನ ಬಟ್ಟಲನ್ನು ಅವಳು ನನ್ನ ಮುಂದಿಟ್ಟಳು.

"ಈ ಸಲ ನೀವ ಎಳೀರಿ, ಸಾಹೇಬ್ರ. ನಾ ಎಳದ್ರ ಮುಂದ ಬರಾವ್ರೂ ನಂಬೂದಿಲ್ಲ."

ಎಳೆದೆ. ಗೆರೆ ಸೊಟ್ಟಗಾಯಿತು.